ಬೋರ್ಡ್ ಬದಲಿಸುವ ಮುಂಚೆ ಹತ್ತು ಸೆಕೆಂಡ್ ರಿವೈಂಡ್ ಮಾಡಿ ನೋಡಿ

ಪ್ರಶ್ನೆ: ನಮ್ಮ ಮನ್ಯಾಗ 43 ಇಂಚಿನ ಎಲ್‌ಇಡಿ ಟಿವಿ ಐತ್ರಿ. ರೆಕಾರ್ಡಿಂಗ್ ಇರೋ ಎಚ್‌ಡಿ ಡಿಶ್ ಬಾಕ್ಸ್‌ನಿಂದ ಟಿವಿಗೆ ಒಂದು ಎಚ್‌ಡಿಎಂಐ ವೈರ್, ಟಿವಿಯಿಂದ ಹೋಂ ಥಿಯೇಟರ್‌ಗೆ ಇನ್ನೊಂದು. ಆಗಾಗ ಪರದೆ ಎರಡು-ಮೂರು ಸೆಕೆಂಡ್ ಕರ್ರಗಾಗಿ ಮತ್ತ ಬರ್ತೈತಿ. ರೆಕಾರ್ಡ್ ಮಾಡಿದ ಧಾರಾವಾಹಿ ಹಚ್ಚಿದ್ರ ಚಿತ್ರ ಚೌಕ ಚೌಕ ಒಡೀತೈತಿ. ಕೆಲವು ಎಚ್‌ಡಿ ಚಾನೆಲ್‌ದಾಗ ಸೌಂಡೇ ಬರಂಗಿಲ್ಲ, ಬಂದ್ರೂ ಮಾತಿಗೂ ತುಟಿಗೂ ಹೊಂದಂಗಿಲ್ಲ. ಹಳೇ ವಿಸಿಆರ್ ಹಚ್ಚಿ ನಮ್ಮ ಲಗ್ನದ ಕ್ಯಾಸೆಟ್ ಹಾಕಿದ್ರ ಚಿತ್ರ ಕಪ್ಪು-ಬಿಳುಪು ಬರ್ತೈತಿ, ಸ್ಪೀಕರ್ ಗುರ್ ಅಂತೈತಿ. ಮೆಕ್ಯಾನಿಕ್ ಬಂದು ಟಿವಿ ಬೋರ್ಡ್ ಹೋಗೇತಿ ಅಂದ. ಬೋರ್ಡ್ ಹಾಕಿಸ್ಬೇಕೇನ್ರಿ?
(ಜಮಖಂಡಿಯ ಓದುಗರೊಬ್ಬರು)

ಉತ್ತರ: ಸದ್ಯಕ್ಕೆ ಹಾಕಿಸಬೇಡಿ. ನೀವು ಬರೆದ ನಾಲ್ಕು ತೊಂದರೆಗಳಿಗೆ ನಾಲ್ಕು ಬೇರೆ ಕಾರಣ ಇರುವಂತೆ ಕಾಣುತ್ತದೆ. ಅದರಲ್ಲಿ ಟಿವಿ ಬೋರ್ಡಿಗೆ ಸಂಬಂಧ ಇರಬಹುದಾದದ್ದು ಪರದೆ ಕಪ್ಪಾಗುವುದೊಂದೇ, ಅಲ್ಲೂ ಬೋರ್ಡಿನ ಮೇಲೆ ಅನುಮಾನ ಪಡಬೇಕಾದದ್ದು ಎಲ್ಲಕ್ಕಿಂತ ಕೊನೆಗೆ.

ಮೊದಲು ಒಂದು ಪರೀಕ್ಷೆ ಮಾಡಿ. ಇದಕ್ಕೆ ಸ್ಕ್ರೂಡ್ರೈವರ್ ಬೇಡ, ರಿಮೋಟ್ ಸಾಕು. ಚಿತ್ರ ಒಡೆದ ಕೂಡಲೇ, ಅಥವಾ ಪರದೆ ಕಪ್ಪಾಗಿ ವಾಪಸ್ ಬಂದ ಕೂಡಲೇ, ಹತ್ತು-ಹದಿನೈದು ಸೆಕೆಂಡ್ ರಿವೈಂಡ್ ಮಾಡಿ ಅದೇ ದೃಶ್ಯವನ್ನು ಮತ್ತೆ ನೋಡಿ. ಲೈವ್ ಚಾನೆಲ್ ಅನ್ನು ನಿಲ್ಲಿಸಿ ಹಿಂದಕ್ಕೆ ಓಡಿಸಲು ಬಿಡುವ ಬಾಕ್ಸ್ ಆ ಚಾನೆಲನ್ನೂ ಡಿಸ್ಕಿಗೆ ಬರೆದುಕೊಳ್ಳುತ್ತಲೇ ಇರುತ್ತದೆ. ಹಾಗಾಗಿ ಈ ಪರೀಕ್ಷೆ ಲೈವ್‌ನಲ್ಲೂ ನಡೆಯುತ್ತದೆ. ಅದೇ ಮಾತಿನ ಮೇಲೆ ಮತ್ತೆ ಒಡೆಯಿತೋ, ಬಾಕ್ಸ್ ಬರೆದುಕೊಂಡದ್ದೇ ಕೆಟ್ಟಿದೆ ಎಂದರ್ಥ; ಡಿಶ್, ಅದರ ವೈರ್, ಡಿಸ್ಕ್ ನೋಡಬೇಕು. ಎರಡನೇ ಸಲ ಆ ಜಾಗ ಸ್ವಚ್ಛವಾಗಿ ದಾಟಿತೋ, ರೆಕಾರ್ಡಿಂಗ್ ಚೆನ್ನಾಗಿದೆ. ಕೆಡುತ್ತಿರುವುದು ಬಾಕ್ಸ್‌ನ ಬೆನ್ನಿನಿಂದ ಟಿವಿಯವರೆಗಿನ ದಾರಿಯಲ್ಲಿ. ಎಷ್ಟೋ ಮನೆಗಳಲ್ಲಿ ಈ ಒಂದು ಕೆಲಸ ಮಾಡದೆ ಡಿಶ್ ತಪ್ಪಿಗೆ ಟಿವಿ ಬಿಚ್ಚುತ್ತಾರೆ, ವೈರ್ ತಪ್ಪಿಗೆ ಡಿಶ್ ತಿರುವುತ್ತಾರೆ.

ದೋಷದ ಆಕಾರವೂ ಸುಳಿವು ಕೊಡುತ್ತದೆ. ಚಾನೆಲ್ ಆಕಾಶದಿಂದ ಬರುವಾಗಲೂ ಡಿಸ್ಕಿನಲ್ಲಿ ಕೂತಾಗಲೂ ಒತ್ತಿ ಸಣ್ಣದು ಮಾಡಿದ ಡೇಟಾ. ಅದರಲ್ಲಿ ಚಿತ್ರವನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ ಇಟ್ಟಿರುತ್ತದೆ. ಡೇಟಾ ಕಳೆದಲ್ಲಿ ಚೌಕ ಒಡೆಯುತ್ತದೆ. ಎಚ್‌ಡಿಎಂಐ ವೈರ್‌ನಲ್ಲಿ ಹೋಗುವುದು ಪೂರ್ತಿ ಬಿಚ್ಚಿದ ಚಿತ್ರ, ಅಲ್ಲಿ ಚೌಕಗಳೇ ಇಲ್ಲ. ಆ ವೈರ್ ಕೆಟ್ಟರೆ ಪರದೆ ಕಪ್ಪಾಗುತ್ತದೆ, ಮಿಣಮಿಣ ಚುಕ್ಕೆ ಉದುರುತ್ತವೆ, ಗೆರೆ ಹೊಡೆಯುತ್ತದೆ, ಇಲ್ಲವೇ ಇಡೀ ಚಿತ್ರ ಗುಲಾಬಿಯೋ ಹಸಿರೋ ಆಗುತ್ತದೆ. ಆದ್ದರಿಂದ ಚೌಕ ಒಡೆಯುವ ತೊಂದರೆಗೆ ಎಷ್ಟು ದುಬಾರಿ ಎಚ್‌ಡಿಎಂಐ ವೈರ್ ತಂದರೂ ಉಪಯೋಗವಿಲ್ಲ.

ಚೌಕ ಒಡೆಯುವುದು

ಬಾಕ್ಸ್ ಮೆನುವಿನಲ್ಲಿ ಸಿಗ್ನಲ್ ಪುಟ ತೆರೆಯಿರಿ. ಸ್ಟ್ರೆಂತ್, ಕ್ವಾಲಿಟಿ ಎಂದು ಎರಡು ಪಟ್ಟಿ ಇರುತ್ತವೆ. ಎಲ್ಲರೂ ಸ್ಟ್ರೆಂತ್ ನೋಡಿ ಸಮಾಧಾನಪಡುತ್ತಾರೆ, ಆದರೆ ಲೆಕ್ಕಕ್ಕೆ ಬರುವುದು ಕ್ವಾಲಿಟಿ. ಸ್ಟ್ರೆಂತ್ ತುಂಬಿದ್ದು ಕ್ವಾಲಿಟಿ ಏರಿಳಿಯುತ್ತಿದ್ದರೆ ಡಿಶ್ ಕೂದಲೆಳೆಯಷ್ಟು ಸರಿದಿದೆ ಅಥವಾ ಕನೆಕ್ಟರ್ ಕೆಟ್ಟಿದೆ.

ಡಿಶ್ ವೈರಿನ ತುದಿಯ ಎಫ್-ಕನೆಕ್ಟರ್ ಬಿಚ್ಚಿ ಹತ್ತಿರದಿಂದ ನೋಡಿ. ನಡುವಿನ ತಾಮ್ರದ ತಂತಿ ಕನೆಕ್ಟರ್ ಬಾಯಿಂದ ಎರಡು-ಮೂರು ಮಿಲಿಮೀಟರ್ ಹೊರಗಿರಬೇಕು, ಹೊಳೆಯುತ್ತಿರಬೇಕು. ಕಪ್ಪೋ ಹಸಿರೋ ತಿರುಗಿದ್ದರೆ ನೀರು ಹೊಕ್ಕಿದೆ. ಹೊರಗಿನ ಜಾಲರಿಯ ಒಂದೇ ಒಂದು ಎಳೆ ನಡುವಿನ ತಂತಿಗೆ ತಾಗಿದ್ದರೂ ಶಾರ್ಟ್. ವೈರನ್ನು ಒಂದು ಅಂಗುಲ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ. ಮಾಳಿಗೆಯ ಮೇಲಿನ ತುದಿಯೇ ಮೊದಲು ಹಾಳಾಗುವುದು. ಕನೆಕ್ಟರ್ ಕೆಳಗೆ ವೈರನ್ನು ಒಂದು ಸುತ್ತು ಇಳಿಬಿಟ್ಟರೆ ಮಳೆನೀರು ಆ ಬಾಗಿನಿಂದಲೇ ತೊಟ್ಟಿಕ್ಕುತ್ತದೆ, ಒಳಗೆ ಇಳಿಯುವುದಿಲ್ಲ. ಖಾನಾಪುರ, ಬೆಳಗಾವಿ ಕಡೆಯ ಜಡಿಮಳೆಗೆ ಇದು ಬೇಕೇ ಬೇಕು. ನಿಮ್ಮ ಕಡೆ ಮಳೆಗಿಂತ ಬಿಸಿಲಿನ ಕಾಟ ಹೆಚ್ಚು, ಬಿಸಿಲಿಗೆ ವೈರಿನ ಕಪ್ಪು ಹೊದಿಕೆ ಸೀಳಿ ಬಿರುಕು ಬಿಡುತ್ತದೆ.

ಇನ್ನೊಂದು ಸುಳಿವು: ಎಲ್ಲ ಚಾನೆಲ್ ಒಡೆಯುತ್ತವೆಯೋ, ಕೆಲವೇ ಒಡೆಯುತ್ತವೆಯೋ? ಬಾಕ್ಸ್ ಡಿಶ್ ಮೇಲಿನ ಎಲ್‌ಎನ್‌ಬಿಗೆ, ಅಂದರೆ ತಟ್ಟೆಯ ಮುಂದೆ ತರಂಗ ಹಿಡಿಯುವ ಡಬ್ಬಿಗೆ, ಅದೇ ವೈರಿನಲ್ಲಿ ಕರೆಂಟ್ ಕಳಿಸುತ್ತದೆ. 13 ವೋಲ್ಟ್ ಕೊಟ್ಟರೆ ಅದು ಲಂಬ ತರಂಗ ಹಿಡಿಯುತ್ತದೆ, 18 ವೋಲ್ಟ್ ಕೊಟ್ಟರೆ ಅಡ್ಡ ತರಂಗ. ವೈರಿನ ಜಾಯಿಂಟ್ ಸಡಿಲಾಗಿದ್ದರೆ, ಬಾಕ್ಸ್‌ನ ಅಡಾಪ್ಟರ್ ಸೋತಿದ್ದರೆ, ಹೊರಟ 18 ವೋಲ್ಟ್ ಮೇಲೆ ಮುಟ್ಟುವಷ್ಟರಲ್ಲಿ ಕುಸಿದು ಎಲ್‌ಎನ್‌ಬಿ ಅದನ್ನು 13 ಎಂದೇ ತಿಳಿಯುತ್ತದೆ. ಆಗ ಒಂದು ಗುಂಪಿನ ಚಾನೆಲ್‌ಗಳಷ್ಟೇ ಮಾಯವಾಗಿ ಉಳಿದವು ಚೆನ್ನಾಗಿರುತ್ತವೆ. ಡಿಸ್ಕ್ ತಿರುಗಲು ಶುರುವಾದಾಗ, ಅಂದರೆ ರೆಕಾರ್ಡಿಂಗ್ ಹೊತ್ತಿನಲ್ಲಿ, ಬಾಕ್ಸ್ ತಾನೇ ಬಂದ್ ಆಗಿ ಶುರುವಾದರೆ ಮೊದಲ ಅನುಮಾನ ಅಡಾಪ್ಟರ್ ಮೇಲೆ. ಹಳತಾದ ಅಡಾಪ್ಟರ್ ಖಾಲಿ ಇದ್ದಾಗ ಮೀಟರಿನಲ್ಲಿ ಸರಿಯಾದ ವೋಲ್ಟೇಜ್ ತೋರಿಸಿ, ಭಾರ ಬಿದ್ದಾಗ ಕೈಕೊಡುತ್ತದೆ. ಬದಲಿಸುವಾಗ ವೋಲ್ಟ್ ಅಷ್ಟೇ ಇರಲಿ, ಆಂಪಿಯರ್ ಹಳೆಯದಕ್ಕಿಂತ ಕಡಿಮೆ ಇರಬಾರದು, ಪಿನ್ನಿನ ಪ್ಲಸ್-ಮೈನಸ್ ತಿರುಗುಮುರುಗು ಆಗಬಾರದು.

ಒಂದು ಚಾನೆಲ್ ನೋಡುತ್ತ ಇನ್ನೊಂದನ್ನು ರೆಕಾರ್ಡ್ ಮಾಡಿದಾಗ ಮಾತ್ರ ತೊಂದರೆಯೇ? ಇಂಥ ಬಾಕ್ಸ್‌ಗಳಲ್ಲಿ ಹೆಚ್ಚಿನವಕ್ಕೆ ಎಲ್‌ಎನ್‌ಬಿಯಿಂದ ಎರಡು ಪ್ರತ್ಯೇಕ ವೈರ್ ಬೇಕು. ಒಂದನ್ನೇ ಸ್ಪ್ಲಿಟರ್ ಹಾಕಿ ಎರಡು ಮಾಡಿದರೆ ಒಂದು ಟ್ಯೂನರ್ 13 ವೋಲ್ಟ್ ಕೇಳುವಾಗ ಇನ್ನೊಂದು 18 ಕೇಳಿ ಜಗಳವಾಗುತ್ತದೆ. ಅದರ ಮೇಲೆ ಕೇಬಲ್ ಟಿವಿಯ ಅಗ್ಗದ ಸ್ಪ್ಲಿಟರ್ ಮೇಲೆ 5-1000 ಮೆಗಾಹರ್ಟ್ಸ್ ಎಂದು ಬರೆದಿರುತ್ತದೆ, ಡಿಶ್ ವೈರಿನಲ್ಲಿ ಓಡುವುದು 950ರಿಂದ 2150 ಮೆಗಾಹರ್ಟ್ಸ್. ಅದನ್ನು ಕಿತ್ತು ಬಿಸಾಕಿ.

ಸಿಗ್ನಲ್ ಚೆನ್ನಾಗಿದ್ದೂ, ಲೈವ್‌ನಲ್ಲಿ ನೋಡುವಾಗ ನೆಟ್ಟಗಿದ್ದೂ, ರೆಕಾರ್ಡಿಂಗ್ ಮಾತ್ರ ಒಡೆದರೆ ಡಿಸ್ಕ್ ನೋಡಿ. ಡಿಸ್ಕ್ ಪೂರ್ತಿ ತುಂಬುವಂತೆ ಬಿಡಬೇಡಿ. ಬಾಕ್ಸ್ ಅನ್ನು ಟಿವಿ ಕಪಾಟಿನ ಬಾಗಿಲು ಮುಚ್ಚಿದ ಖಾನೆಯಲ್ಲಿ ಇಟ್ಟು ಮೇಲೆ ಕಸೂತಿ ಬಟ್ಟೆ ಹಾಸುವುದು ನಮ್ಮ ಕಡೆ ಬಹಳ. ಹೊರಗೆ 40 ಡಿಗ್ರಿ ಇರುವ ಏಪ್ರಿಲ್-ಮೇ ತಿಂಗಳಲ್ಲಿ ಒಳಗಿನ ಹಾರ್ಡ್‌ಡಿಸ್ಕ್ ಬೇಯುತ್ತದೆ. ಸುತ್ತ ನಾಲ್ಕು ಬೆರಳು ಜಾಗ ಬಿಟ್ಟು ತೆರೆದಲ್ಲಿ ಇಡಿ. ಡಿಸ್ಕ್ ಹೊರಗಿನಿಂದ ಯುಎಸ್‌ಬಿಗೆ ಹಚ್ಚಿದ್ದರೆ ಟಕ್ ಟಕ್ ಸದ್ದು ಕೇಳಿ: ಯುಎಸ್‌ಬಿ 2.0 ಸಾಕೆಟ್ ಕೊಡಬೇಕಾದದ್ದು 500 ಮಿಲಿಆಂಪ್, ಡಿಸ್ಕ್ ಎದ್ದು ತಿರುಗುವಾಗ ಅದಕ್ಕಿಂತ ಹೆಚ್ಚು ಎಳೆಯುತ್ತದೆ. ಸ್ವಂತ ಅಡಾಪ್ಟರ್ ಇರುವ ಹಬ್ ಹಾಕಿದರೆ ಸರಿಹೋಗುತ್ತದೆ. ಪೆನ್‌ಡ್ರೈವ್‌ನಲ್ಲಿ ರೆಕಾರ್ಡ್ ಮಾಡುವ ಫ್ರೀ ಡಿಶ್ ಬಾಕ್ಸ್‌ಗಳಲ್ಲಿ ಸಿನಿಮಾ ಎರಡು ಗಂಟೆ ದಾಟಿ ನಿಂತುಹೋಗುವ ದೂರು ಬೇರೆ. ಪೆನ್‌ಡ್ರೈವ್‌ನ ಫಾರ್ಮ್ಯಾಟ್ ಫ್ಯಾಟ್32 ಮಾದರಿಯದಾಗಿದ್ದರೆ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. ಸೆಕೆಂಡಿಗೆ 4 ಮೆಗಾಬಿಟ್‌ನ ಚಾನೆಲ್ ಗಂಟೆಗೆ 1.8 ಜಿಬಿ ತಿನ್ನುತ್ತದೆ, ಸುಮಾರು ಎರಡೂಕಾಲು ಗಂಟೆಗೆ ಮಿತಿ ಮುಟ್ಟುತ್ತದೆ. ಬಾಕ್ಸ್ ಎನ್‌ಟಿಎಫ್‌ಎಸ್ ಒಪ್ಪಿದರೆ ಅದರಲ್ಲಿ ಫಾರ್ಮ್ಯಾಟ್ ಮಾಡಿ.

ದಟ್ಟ ಮೋಡ ಕವಿದು ಧೋ ಎಂದು ಸುರಿಯುವಾಗ ಹತ್ತು ನಿಮಿಷ ಒಡೆದರೆ ಬಿಟ್ಟುಬಿಡಿ. ಆ ತರಂಗವನ್ನು ಮಳೆ ನುಂಗುತ್ತದೆ, ಯಾರೂ ಏನೂ ಮಾಡಲಾಗದು.

ಪರದೆ ಕಪ್ಪಾಗುವುದು

ಎಚ್‌ಡಿಎಂಐ ಹಚ್ಚಿದ ಕೂಡಲೇ ಚಿತ್ರ ಓಡಿಬರುವುದಿಲ್ಲ. ಟಿವಿ ಮೊದಲು ತಾನು ಯಾವ್ಯಾವ ಅಳತೆಯ ಚಿತ್ರ, ಯಾವ ಬಗೆಯ ಸೌಂಡ್ ತೆಗೆದುಕೊಳ್ಳಬಲ್ಲೆ ಎಂಬ ಪಟ್ಟಿ ಕೊಡುತ್ತದೆ. ಬಾಕ್ಸ್ ಅದನ್ನು ಓದಿ, ಕಾಪಿ ತಡೆಯುವ ಎಚ್‌ಡಿಸಿಪಿ ಗುಟ್ಟಿನ ಮಾತು ವಿನಿಮಯ ಮಾಡಿಕೊಂಡು, ಆಮೇಲೆ ಚಿತ್ರ ಬಿಡುತ್ತದೆ. ಇದಕ್ಕೆ ಎರಡು-ಮೂರು ಸೆಕೆಂಡ್ ಬೇಕು. ನಿಮ್ಮ ಪರದೆ ಕಪ್ಪಾಗುವುದೂ ಅಷ್ಟೇ ಹೊತ್ತು. ಅಂದರೆ ಯಾವುದೋ ಕಾರಣಕ್ಕೆ ಈ ಮಾತುಕತೆ ಮೊದಲಿನಿಂದ ಮತ್ತೆ ನಡೆಯುತ್ತಿದೆ. ಬೋರ್ಡ್ ಸುಟ್ಟಿದ್ದರೆ ಮೂರು ಸೆಕೆಂಡಿಗೆ ಅದು ವಾಪಸ್ ಬರುತ್ತಿರಲಿಲ್ಲ.

ಚಾನೆಲ್ ಬದಲಿಸಿದಾಗ, ರೆಕಾರ್ಡಿಂಗ್‌ನಿಂದ ಲೈವ್‌ಗೆ ಬಂದಾಗ ಮಾತ್ರ ಕಪ್ಪಾಗುತ್ತಿದ್ದರೆ ಬಾಕ್ಸ್‌ನ ವಿಡಿಯೋ ಔಟ್‌ಪುಟ್ ಆಟೋ ಅಥವಾ ಒರಿಜಿನಲ್ ಎಂದಿರುತ್ತದೆ. ಸಾದಾ ಚಾನೆಲ್ 576 ಗೆರೆಯದು, ಎಚ್‌ಡಿ 1080 ಗೆರೆಯದು. ಅಳತೆ ಬದಲಾದಾಗಲೆಲ್ಲ ಟಿವಿ ಹೊಸದಾಗಿ ಹೊಂದಿಸಿಕೊಳ್ಳುತ್ತದೆ. ಔಟ್‌ಪುಟ್ ಅನ್ನು 1080ಐ ಎಂದು ಗಟ್ಟಿಮಾಡಿ. ಎಷ್ಟೋ ಮನೆಗಳಲ್ಲಿ ಕಥೆ ಇಲ್ಲಿಗೇ ಮುಗಿಯುತ್ತದೆ.

ಏನೂ ಮುಟ್ಟದೆ ಸುಮ್ಮನೆ ಕೂತು ನೋಡುವಾಗಲೂ ಕಪ್ಪಾಗುತ್ತಿದ್ದರೆ ವೈರ್ ಮತ್ತು ಸಾಕೆಟ್ ಕಡೆ ಹೋಗಿ. ಎಚ್‌ಡಿಎಂಐ ಪ್ಲಗ್ಗಿಗೆ 19 ಪಿನ್. 19ನೆಯದು ಎದುರಿಗೆ ಉಪಕರಣ ಇದೆ ಎಂದು ತಿಳಿಸುವ ಪಿನ್. ಅದು ಕ್ಷಣ ಬಿಟ್ಟರೂ ಬಾಕ್ಸ್‌ಗೆ ಟಿವಿ ಕಿತ್ತಂತೆ ತೋರುತ್ತದೆ, ಮಾತುಕತೆ ಮತ್ತೆ ಶುರು. ಈ ಪ್ಲಗ್ಗಿಗೆ ಸ್ಕ್ರೂ ಇಲ್ಲ, ಕೊಂಡಿ ಇಲ್ಲ. ಗೋಡೆಗೆ ಹಚ್ಚಿದ ಟಿವಿಯ ಹಿಂದೆ ದಪ್ಪ ವೈರ್ ಮುರಿದಂತೆ ಬಾಗಿ ಜೋತುಬಿದ್ದಿದ್ದರೆ ದಿನವೂ ಆ ಭಾರ ಸಾಕೆಟ್ ಮೇಲೆ. ಕೈಯಿಂದ ಪ್ಲಗ್ಗನ್ನು ಮೆಲ್ಲಗೆ ಮೇಲೆ ಕೆಳಗೆ ಅಲ್ಲಾಡಿಸಿ, ಕಪ್ಪಾಯಿತು ಎಂದರೆ ಕಳ್ಳ ಸಿಕ್ಕಂತೆ. ಎಲ್ ಆಕಾರದ ಅಡಾಪ್ಟರ್ ಹಾಕಿ, ವೈರನ್ನು ಸ್ಟ್ಯಾಂಡಿಗೆ ಕಟ್ಟಿ ಭಾರ ಇಳಿಸಿ. ವೈರ್ ಎರಡು ಮೀಟರ್ ಸಾಕು. 1080ಐಗೆ ಸೆಕೆಂಡಿಗೆ ಸುಮಾರು 2.2 ಗಿಗಾಬಿಟ್ ಓಡುತ್ತದೆ, ಸಾಧಾರಣ ವೈರ್ ತಡೆಯುತ್ತದೆ. 4ಕೆ 60ಕ್ಕೆ 17.8 ಗಿಗಾಬಿಟ್ ಬೇಕು. ಆದ್ದರಿಂದಲೇ ವರ್ಷಗಟ್ಟಲೆ ನಡೆದ ವೈರ್, ಹೊಸ 4ಕೆ ಬಾಕ್ಸ್ ತಂದ ದಿನವೇ ಚುಕ್ಕೆ ಉದುರಿಸತೊಡಗುತ್ತದೆ. ಅಂಥಲ್ಲಿ 18 ಗಿಗಾಬಿಟ್‌ನ ಪ್ರೀಮಿಯಂ ಹೈಸ್ಪೀಡ್ ವೈರ್ ಬೇಕು. ಚಿನ್ನದ ಲೇಪ, ಹೆಣೆದ ಹಗ್ಗದ ಹೊದಿಕೆ ಇವು ಅಂಗಡಿಯವರ ಮಾತು.

ಕಪ್ಪಾದ ಗಳಿಗೆಯಲ್ಲಿ ಮನೆಯಲ್ಲಿ ಏನು ನಡೆಯಿತು ಎಂದೂ ಗಮನಿಸಿ. ಮಿಕ್ಸಿ ಹಚ್ಚಿದಾಗ, ಬೋರ್ ಮೋಟಾರ್ ಶುರುವಾದಾಗ, ಫ್ಯಾನ್ ಸ್ವಿಚ್ ಒತ್ತಿದಾಗ ಆಗುತ್ತಿದ್ದರೆ ಆ ಕಿಡಿ ಕಳಪೆ ಹೊದಿಕೆಯ ವೈರಿನೊಳಗೆ ನುಗ್ಗುತ್ತಿದೆ. ಒಳ್ಳೆಯ ವೈರ್ ಹಾಕಿ, ಅದನ್ನು ಕರೆಂಟ್ ವೈರುಗಳ ಜತೆ ಕಟ್ಟಬೇಡಿ, ಅರ್ಥಿಂಗ್ ಇದೆಯೋ ಇಲ್ಲವೋ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ.

ಹೋಂ ಥಿಯೇಟರ್ ಕೂಡ ಈ ಮಾತುಕತೆಯಲ್ಲಿ ತಲೆ ಹಾಕುತ್ತದೆ. ಒಂದು ಸಂಜೆ ಅದರ ಎಚ್‌ಡಿಎಂಐ ಕಿತ್ತು, ಬಾಕ್ಸ್ ಮತ್ತು ಟಿವಿ ಎರಡೇ ಇಟ್ಟು ನೋಡಿ. ಕಪ್ಪಾಗುವುದು ನಿಂತರೆ ತೊಂದರೆ ಸಿಇಸಿಯಲ್ಲಿದೆ, ಅಂದರೆ ಒಂದು ರಿಮೋಟಿನಿಂದ ಎಲ್ಲವನ್ನೂ ನಡೆಸುವ ಸೌಲಭ್ಯದಲ್ಲಿ. ಸ್ಯಾಮ್‌ಸಂಗ್‌ನಲ್ಲಿ ಅದರ ಹೆಸರು ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಟಿವಿ ಬಂದ್ ಮಾಡಿದಾಗ ಬಾಕ್ಸೂ ಮಲಗುವುದು, ಕೆಲವು ಬಾಕ್ಸ್‌ಗಳಲ್ಲಿ ಅರ್ಧ ರೆಕಾರ್ಡಿಂಗ್ ಕಡಿದುಹೋಗುವುದು ಇದರದೇ ಕೆಲಸ. ಆದರೆ ಸಿಇಸಿಯನ್ನು ಪೂರ್ತಿ ಮುಚ್ಚಿದರೆ ಬಹುತೇಕ ಟಿವಿಗಳಲ್ಲಿ ಟಿವಿಯಿಂದ ಎಚ್‌ಡಿಎಂಐ ವೈರಿನಲ್ಲೇ ಹೋಂ ಥಿಯೇಟರಿಗೆ ಹೋಗುವ ಸೌಂಡೂ, ಅಂದರೆ ಎಆರ್‌ಸಿ, ನಿಲ್ಲುತ್ತದೆ. ಬಾಕ್ಸ್ ಮೆನುವಿನಲ್ಲಿ ಸಿಇಸಿ ಮುಚ್ಚಿ, ಟಿವಿ ಮತ್ತು ಹೋಂ ಥಿಯೇಟರಿನಲ್ಲಿ ಹಾಗೇ ಬಿಡಿ.

ವೈರ್ ಬದಲಿಸುವಾಗ ಎಲ್ಲದರ ಪ್ಲಗ್ಗನ್ನೂ ಗೋಡೆಯಿಂದ ಕೀಳಿ. ರಿಮೋಟಿನಿಂದ ಬಂದ್ ಮಾಡಿದರೆ ಸಾಲದು. ಎರಡು ಪಿನ್ನಿನ ಉಪಕರಣಗಳ ಕಬ್ಬಿಣದ ಮೈ ಮುಟ್ಟಿದರೆ ಜುಮ್ಮೆನ್ನುತ್ತದಲ್ಲ, ಆ ಸೋರುವ ಕರೆಂಟು ಪ್ಲಗ್ ತೂರಿಸುವಾಗ ಕಿಡಿ ಹಾರಿ ಎಚ್‌ಡಿಎಂಐ ಚಿಪ್ಪನ್ನು ಕೊಲ್ಲಬಲ್ಲದು. ಒಂದು ನಿಮಿಷ ಬಿಟ್ಟು ಮೊದಲು ಟಿವಿ, ಆಮೇಲೆ ಹೋಂ ಥಿಯೇಟರ್, ಕಡೆಗೆ ಬಾಕ್ಸ್ ಹಚ್ಚಿ. ರೋಹಿಣಿ ಮಳೆಯ ಗುಡುಗು-ಮಿಂಚಿಗೆ ಕರೆಂಟ್ ಪ್ಲಗ್ ಜತೆಗೆ ಡಿಶ್ ವೈರನ್ನೂ ಬಿಚ್ಚಬೇಕು, ಸಿಡಿಲು ಆ ದಾರಿಯಿಂದಲೂ ಬರುತ್ತದೆ.

ಸೌಂಡ್ ಇಲ್ಲದ ಎಚ್‌ಡಿ ಚಾನೆಲ್

ಸಾದಾ ಚಾನೆಲ್‌ಗೆ ಸೌಂಡ್ ಇದೆ, ಕೆಲವು ಎಚ್‌ಡಿಗೆ ಇಲ್ಲ ಎಂದರೆ ವೈರ್ ಸರಿಯಿದೆ. ಆ ಚಾನೆಲ್‌ಗಳ ಸೌಂಡ್ ಡಾಲ್ಬಿ ಎಂಬ ಒತ್ತಿದ ರೂಪದಲ್ಲಿ ಬರುತ್ತಿದೆ, ನಿಮ್ಮ ಟಿವಿಗೋ ಹೋಂ ಥಿಯೇಟರಿಗೋ ಆ ಬಗೆ ಅರ್ಥವಾಗುತ್ತಿಲ್ಲ. ಬಾಕ್ಸ್‌ನ ಆಡಿಯೋ ಔಟ್‌ಪುಟ್ ಅನ್ನು ಡಾಲ್ಬಿಯಿಂದ ಪಿಸಿಎಂ ಅಥವಾ ಸ್ಟೀರಿಯೋಗೆ ಬದಲಿಸಿ. ಸೌಂಡ್ ತಕ್ಷಣ ಬರುತ್ತದೆ, ಆದರೆ ಐದು ಸ್ಪೀಕರಿನ ಸರೌಂಡ್ ಹೋಗಿ ಎಡ-ಬಲ ಎರಡೇ ಉಳಿಯುತ್ತವೆ. ಧಾರಾವಾಹಿ, ಸುದ್ದಿ, ಕ್ರಿಕೆಟ್ ನೋಡುವ ಮನೆಗೆ ಇಷ್ಟು ಧಾರಾಳ.

ಸರೌಂಡ್ ಬೇಕೇ ಬೇಕೆಂದರೆ ದಾರಿಯ ಮಿತಿ ತಿಳಿದಿರಲಿ. ಆಪ್ಟಿಕಲ್ ವೈರಿನಲ್ಲಿ ಡಾಲ್ಬಿ ಡಿಜಿಟಲ್ 5.1 ಹೋಗುತ್ತದೆ, ಡಾಲ್ಬಿ ಡಿಜಿಟಲ್ ಪ್ಲಸ್ ಹೋಗುವುದಿಲ್ಲ. ಎಆರ್‌ಸಿ ಡಾಲ್ಬಿ ಡಿಜಿಟಲ್ ಸಾಗಿಸುತ್ತದೆ, ಪ್ಲಸ್ ಅನ್ನು ಕೆಲವು ಟಿವಿಗಳು ಮಾತ್ರ ದಾಟಿಸುತ್ತವೆ. ಹೋಂ ಥಿಯೇಟರಿಗೆ ಎಚ್‌ಡಿಎಂಐ ಇನ್ ಇದ್ದರೆ ಬಾಕ್ಸ್ ಅನ್ನು ಟಿವಿಗಲ್ಲ, ಅದಕ್ಕೇ ಹಚ್ಚಿ. ಅದರ ಔಟ್‌ನಿಂದ ಟಿವಿಯ ಎಆರ್‌ಸಿ ಎಂದು ಬರೆದ ಸಾಕೆಟ್‌ಗೆ ಹೋಗಿ. ಎಆರ್‌ಸಿ ಸಾಮಾನ್ಯವಾಗಿ ಒಂದೇ ಸಾಕೆಟ್ಟಿನಲ್ಲಿ ಇರುತ್ತದೆ. ಪಕ್ಕದ ಸಾಕೆಟ್ಟಿಗೆ ಹಾಕಿ ಸೌಂಡ್ ಇಲ್ಲ ಎನ್ನುವವರು ಬಹಳ.

ಹಾಡು ಜೋರು, ಮಾತು ಕೇಳಿಸುವುದಿಲ್ಲ ಎಂಬ ದೂರಿದ್ದರೆ ನಡುವಿನ ಸ್ಪೀಕರ್ ನೋಡಿ, ಸರೌಂಡ್‌ನಲ್ಲಿ ಮಾತು ಬರುವುದು ಅಲ್ಲಿಂದ. 3.5 ಮಿಲಿಮೀಟರ್ ಜಾಕ್‌ನಿಂದ ಹಚ್ಚಿದ್ದರೆ ಜಾಕ್ ಪೂರ್ತಿ ಒಳಗೆ ಕೂತಿದೆಯೇ ನೋಡಿ. ಅದರ ಗ್ರೌಂಡ್ ತಾಗದಿದ್ದರೆ ಎಡ-ಬಲಗಳಲ್ಲಿ ಸಮನಾಗಿರುವ ಧ್ವನಿ, ಅಂದರೆ ಮಾತು, ಒಂದಕ್ಕೊಂದು ಕಡಿದುಹೋಗಿ ಹಿನ್ನೆಲೆ ಸಂಗೀತ ಮಾತ್ರ ಉಳಿಯುತ್ತದೆ.

ತುಟಿ-ಮಾತು ಹೊಂದದಿರುವುದಕ್ಕೆ ಮೊದಲು ಯಾವುದು ಮುಂದು, ಯಾವುದು ಹಿಂದು ಎಂದು ಗೊತ್ತುಮಾಡಿಕೊಳ್ಳಿ, ಏಕೆಂದರೆ ಎರಡಕ್ಕೂ ಉಪಾಯ ಬೇರೆ. ಚಂದನದ ವಾರ್ತೆ ಹಚ್ಚಿ, ಓದುವವರ ತುಟಿ ನೋಡಿ. ಪ, ಬ, ಮ ಹೇಳುವಾಗ ತುಟಿ ಮುಚ್ಚಿ ಬಿಚ್ಚಲೇಬೇಕು. ಬಾಗಲಕೋಟೆ, ಬೆಳಗಾವಿ, ಮುಧೋಳ ಎಂಬ ಹೆಸರು ಬಂದಾಗ ತುಟಿ ಬಿಚ್ಚುವ ಮುಂಚೆ ಸೌಂಡ್ ಬಂತೋ, ಆಮೇಲೆ ಬಂತೋ ಸ್ಪಷ್ಟವಾಗಿ ತಿಳಿಯುತ್ತದೆ. ಹೊಳೆಯ ಆಚೆ ದಂಡೆಯಲ್ಲಿ ಬಟ್ಟೆ ಒಗೆಯುವವರ ಏಟು ಕಂಡ ಮೇಲೆ ಸದ್ದು ಬರುವಂತೆ, ತಡವಾದ ಸೌಂಡ್ ನಮಗೆ ರೂಢಿ. ಮುಂಚೆ ಬಂದರೆ ಸಹಿಸಲಾಗುವುದಿಲ್ಲ. ಯುರೋಪಿನ ಪ್ರಸಾರಕರ ಒಕ್ಕೂಟದ ಶಿಫಾರಸಿನಲ್ಲೂ ಸೌಂಡ್ 60 ಮಿಲಿಸೆಕೆಂಡ್ ಹಿಂದೆ ಬೀಳಬಹುದು, ಮುಂದೆ ಹೋಗಲು 40 ಮಾತ್ರ ಅವಕಾಶ.

ಸೌಂಡ್ ಮುಂಚೆ ಬಂದರೆ ಟಿವಿ ಚಿತ್ರವನ್ನು ಚೆಂದ ಮಾಡಲು ಹೊತ್ತು ತಿನ್ನುತ್ತಿದೆ ಎಂದು ಅರ್ಥ. ಬಾಕ್ಸ್‌ನಿಂದ ಹೋಂ ಥಿಯೇಟರಿಗೆ ನೇರ ವೈರ್ ಎಳೆದ ಮನೆಗಳಲ್ಲಿ ಹೀಗೆ. ಹೋಂ ಥಿಯೇಟರ್ ಮೆನುವಿನಲ್ಲಿ ಆಡಿಯೋ ಡಿಲೇ ಅಥವಾ ಎವಿ ಸಿಂಕ್ ತೆರೆದು 40 ಮಿಲಿಸೆಕೆಂಡ್ ಏರಿಸುತ್ತ ಹೋಗಿ. ನಮ್ಮ ಪ್ರಸಾರದಲ್ಲಿ ಸೆಕೆಂಡಿಗೆ 25 ಚಿತ್ರ, ಅಂದರೆ 40 ಮಿಲಿಸೆಕೆಂಡಿಗೆ ಒಂದು. ಟಿವಿಯಲ್ಲಿ ಮೋಷನ್, ನಾಯ್ಸ್ ರಿಡಕ್ಷನ್ ಎಂಬವನ್ನು ಬಂದ್ ಮಾಡಿದರೂ ಅಂತರ ಇಳಿಯುತ್ತದೆ. ಸೌಂಡ್ ತಡವಾಗಿ ಬರುತ್ತಿದ್ದರೆ ಡಿಲೇಯನ್ನು ಸೊನ್ನೆಗೆ ಇಳಿಸಿ, ಹೋಂ ಥಿಯೇಟರಿನ ಸರೌಂಡ್ ಅಲಂಕಾರ ತೆಗೆಯಿರಿ, ಬಾಕ್ಸ್ ಅನ್ನು ಪಿಸಿಎಂಗೆ ತನ್ನಿ. ಬ್ಲೂಟೂತ್‌ನಿಂದ ಹಚ್ಚಿದ್ದರಂತೂ ವೈರ್ ಹಾಕದೆ ಪೂರ್ತಿ ಸರಿಹೋಗದು. ಒಂದೇ ಚಾನೆಲ್‌ನಲ್ಲಿ ತಪ್ಪುತ್ತಿದ್ದರೆ ಅದು ಅವರ ಕಡೆಯ ತಪ್ಪು, ಸೆಟ್ಟಿಂಗ್ ಮುಟ್ಟಬೇಡಿ. ರೆಕಾರ್ಡಿಂಗ್‌ನಲ್ಲಿ ಹೊತ್ತು ಹೋದಂತೆ ಅಂತರ ಬೆಳೆದು, ನಿಲ್ಲಿಸಿ ಹಚ್ಚಿದಾಗ ಸರಿಹೋದರೆ ಅದೂ ಒಡೆದ ಸಿಗ್ನಲಿನ ಫಲ, ಮೇಲಿನ ಎಫ್-ಕನೆಕ್ಟರಿಗೇ ವಾಪಸ್ ಹೋಗಿ.

ವಿಸಿಆರ್ ಮತ್ತು ಲಗ್ನದ ಕ್ಯಾಸೆಟ್

ಹಳದಿ ವೈರನ್ನು ಎಲ್ಲಿ ಚುಚ್ಚಿದ್ದೀರಿ ನೋಡಿ. ಟಿವಿಯಲ್ಲಿ ಹಸಿರು, ನೀಲಿ, ಕೆಂಪು ಸಾಲಿದ್ದರೆ ಅದು ಕಾಂಪೊನೆಂಟ್. ಅದರ ಹಸಿರು ಸಾಕೆಟ್ ಬೆಳಕಿನ ಅಂಶ ಮಾತ್ರ ಓದುತ್ತದೆ, ಬಣ್ಣ ನೀಲಿ-ಕೆಂಪಿನಿಂದ ಬರಬೇಕು. ವಿಸಿಆರ್‌ನ ಹಳದಿಯನ್ನು ಹಸಿರಿಗೆ ಹಾಕಿದರೆ ಚಿತ್ರ ನಿಚ್ಚಳ, ಆದರೆ ಕಪ್ಪು-ಬಿಳುಪು. ಕೆಲವು ಟಿವಿಗಳಲ್ಲಿ ಹಸಿರು-ಹಳದಿ ಎರಡಕ್ಕೂ ಒಂದೇ ಸಾಕೆಟ್ ಇರುತ್ತದೆ. ಅಲ್ಲಿ ಇನ್‌ಪುಟ್ ಪಟ್ಟಿಯಲ್ಲಿ ಕಾಂಪೊನೆಂಟ್ ಬಿಟ್ಟು ಎವಿ ಆರಿಸಬೇಕು, ನೀಲಿ ಸಾಕೆಟ್ ಖಾಲಿ ಬಿಡಬೇಕು. ಕೆಂಪು ಸಾಕೆಟ್ ಎರಡಿರುತ್ತವೆ ಎಂಬುದನ್ನು ಮರೆಯಬೇಡಿ, ಬಿಳಿಯ ಪಕ್ಕದ್ದು ಸೌಂಡಿನದು.

ಗುರ್ ಸದ್ದಿಗೆ ಕಾರಣ ಬಹುಶಃ ವಿಸಿಆರ್‌ನ ಹಳದಿ-ಬಿಳಿ-ಕೆಂಪು ವೈರನ್ನು ಟಿವಿಗೆ ಸೇರಿಸುವ ಗಿಡ್ಡ ಅಡಾಪ್ಟರ್. ಹೊಸ ಟಿವಿಗಳಲ್ಲಿ ಎವಿಗೆ ಒಂದೇ 3.5 ಮಿಲಿಮೀಟರ್ ತೂತು, ಜಾಕ್ ಮೇಲೆ ಮೂರು ಕಪ್ಪು ಉಂಗುರ, ನಾಲ್ಕು ಭಾಗ. ಯಾವ ಭಾಗ ಚಿತ್ರ, ಯಾವುದು ಗ್ರೌಂಡ್ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಹ್ಯಾಂಡಿಕ್ಯಾಮ್ ಜತೆ ಬಂದ ವೈರನ್ನು ಟಿವಿಗೆ ಚುಚ್ಚಿದರೆ ಚಿತ್ರದ ಸಿಗ್ನಲ್ ಸೌಂಡಿನ ದಾರಿಗೆ ಬಿದ್ದು ಗುರ್ ಎನ್ನುತ್ತದೆ. ದೃಶ್ಯ ಬೆಳ್ಳಗಾದಾಗ ಸದ್ದು ಬದಲಾದರೆ ಇದೇ ಕಾರಣ. ವಿಸಿಆರ್‌ನ ಹಳದಿಯನ್ನು ಅಡಾಪ್ಟರಿನ ಕೆಂಪಿಗೆ, ಆಮೇಲೆ ಬಿಳಿಗೆ ಹಾಕಿ ನೋಡಿ. ಯಾವುದರಲ್ಲೋ ಬಣ್ಣದ ಚಿತ್ರ ಬಂದೀತು. ಬಂದರೆ ನಿಮ್ಮ ಟಿವಿ ಮಾದರಿಯ ಸರಿಯಾದ ಅಡಾಪ್ಟರ್ ತನ್ನಿ. ಸದ್ದು ಚಿತ್ರದ ಜತೆ ಬದಲಾಗದೆ ಒಂದೇ ಸಮ ಇದ್ದರೆ ಡಿಶ್ ವೈರ್ ಬಿಚ್ಚಿ ಕೇಳಿ. ನಿಂತರೆ ಅದು ಅರ್ಥಿಂಗಿನ ಸುತ್ತು, ಅಂದರೆ ಬೇರೆ ಬೇರೆ ದಾರಿಯಿಂದ ಅರ್ಥಿಗೆ ಸೇರಿದ ಉಪಕರಣಗಳ ನಡುವೆ ಓಡುವ ಕರೆಂಟ್. ಎಲ್ಲ ಪ್ಲಗ್ಗುಗಳನ್ನು ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ತನ್ನಿ. ಮೂರನೇ ಪಿನ್ ಮುರಿದು ಸದ್ದು ನಿಲ್ಲಿಸುವವರಿದ್ದಾರೆ, ಅದು ಜೀವಕ್ಕೆ ಅಪಾಯ.

ನಮ್ಮಲ್ಲಿ ಚಿತ್ರೀಕರಿಸಿದ ಲಗ್ನದ ಕ್ಯಾಸೆಟ್ ಪಾಲ್ ಪದ್ಧತಿಯದು. ಅಮೆರಿಕದ ಬಂಧುಗಳು ಕಳಿಸಿದ್ದಾದರೆ ಎನ್‌ಟಿಎಸ್‌ಸಿ, ಅದು ಪಾಲ್ ಮಾತ್ರ ತಿಳಿದ ವಿಸಿಆರ್‌ನಲ್ಲಿ ಬಣ್ಣ ಕಳೆದುಕೊಂಡು ಉರುಳುತ್ತದೆ. ವಿಸಿಆರ್ ಬೆನ್ನಿನ ಅಥವಾ ಮೆನುವಿನ ಸಿಸ್ಟಂ ಸ್ವಿಚ್ ಒಮ್ಮೆ ನೋಡಿ. ಹಳೇ ಡಬ್ಬಾ ಟಿವಿಗೆ ಎಚ್‌ಡಿಎಂಐಯಿಂದ ಎವಿ ಮಾಡುವ ಪುಟ್ಟ ಕನ್ವರ್ಟರ್ ಹಚ್ಚಿದವರಿಗೂ ಇದೇ ಮಾತು: ಅದರ ಪಕ್ಕದ ಸಣ್ಣ ಸ್ವಿಚ್ ಪಾಲ್ ಕಡೆ ಇರಲಿ.

ಅಂಗಡಿಯಿಂದ ತಂದ ಸಿನಿಮಾ ಕ್ಯಾಸೆಟ್ಟಿನಲ್ಲಿ ಕಾಪಿ ತಡೆ ಇರುತ್ತದೆ, ಡಿವಿಡಿ ರೆಕಾರ್ಡರ್ ಅದನ್ನು ಬರೆದುಕೊಳ್ಳುವುದಿಲ್ಲ. ಡಿವಿಡಿ ಪ್ಲೇಯರನ್ನು ವಿಸಿಆರ್ ಮೂಲಕ ಟಿವಿಗೆ ಹಾಯಿಸಿದಾಗ ಚಿತ್ರ ಮಬ್ಬಾಗಿ ಬೆಳಗುವುದೂ ಅದರಿಂದಲೇ, ನೇರ ಟಿವಿಗೆ ಹಚ್ಚಿ. ಮನೆಯ ಕ್ಯಾಸೆಟ್ಟಿಗೂ ಕಾಪಿ ತಡೆ ಇದೆ ಎಂಬ ಸಂದೇಶ ಬಂದರೆ ಟೇಪ್ ಸವೆದು, ಚಿತ್ರವನ್ನು ಹೊಂದಿಸಿ ಹಿಡಿಯುವ ಸಿಂಕ್ ಸಿಗ್ನಲ್ ಅದುರುತ್ತಿದೆ. ಆ ಅದುರು ತಿದ್ದುವ ಟೈಮ್ ಬೇಸ್ ಕರೆಕ್ಟರ್ ಎಂಬ ಯಂತ್ರ ಇರುವ ಸ್ಟುಡಿಯೋದಲ್ಲಿ ಕೊಡುವುದು ಲೇಸು.

ಹಾಕುವ ಮೊದಲು ಕ್ಯಾಸೆಟ್ಟಿನ ಕಿಂಡಿಯಿಂದ ಸುರುಳಿ ನೋಡಿ. ಬಿಳಿ ಬೂಷ್ಟು ಕಂಡರೆ ವಿಸಿಆರ್‌ಗೆ ಹಾಕಲೇಬೇಡಿ, ಹೆಡ್ಡೂ ಹಾಳು, ಮುಂದಿನ ಕ್ಯಾಸೆಟ್ಟೂ ಹಾಳು. ಚಿತ್ರದಲ್ಲಿ ಬರೀ ಹಿಮ ಸುರಿದು ಸೌಂಡ್ ಚೆನ್ನಾಗಿದ್ದರೆ ಹೆಡ್ ಕಟ್ಟಿದೆ. ಪ್ಲಗ್ ಕಿತ್ತು, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತೇವ ಮಾಡಿದ ಚಮೋಯಿ ಎಂಬ ಮೆತ್ತನೆಯ ತೊಗಲನ್ನು ಡ್ರಮ್ಮಿಗೆ ಹಗುರಾಗಿ ಹಿಡಿದು, ಡ್ರಮ್ಮನ್ನು ಕೈಯಿಂದ ತಿರುಗಿಸಿ. ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿಯುತ್ತದೆ. ಹತ್ತಿ ಬಳಸಬೇಡಿ, ಅದು ಎಳೆ ಬಿಡುತ್ತದೆ. ಜಗತ್ತಿನ ಕೊನೆಯ ವಿಸಿಆರ್ ತಯಾರಕ ಫುನಾಯ್ 2016ರಲ್ಲೇ ಕೈಬಿಟ್ಟಿತು, ಹೊಸ ಹೆಡ್ ಸಿಗುವುದು ಕಷ್ಟ.

ಇನ್ನು ನೀವು ಕೇಳಿದ ಬೋರ್ಡ್. ಟಿವಿಯ ಪ್ರತಿ ಎಚ್‌ಡಿಎಂಐ ಸಾಕೆಟ್ಟಿನಲ್ಲೂ ಬೇರೆ ಉಪಕರಣ, ಬೇರೆ ಮನೆಯಲ್ಲಿ ಚೆನ್ನಾಗಿ ನಡೆಯುತ್ತಿರುವ ವೈರ್ ಹಾಕಿ ನೋಡಿ. ಒಂದು ಸಾಕೆಟ್ ಮಾತ್ರ ಸತ್ತಿದ್ದರೆ ಇನ್ನೊಂದರಲ್ಲಿ ನಡೆಸಿಕೊಳ್ಳಿ. ಎಲ್ಲ ಸಾಕೆಟ್ಟಿನಲ್ಲೂ ಕಪ್ಪಾಗುತ್ತಿದ್ದು, ಟಿವಿಯದೇ ಮೆನು ಮತ್ತು ಪೆನ್‌ಡ್ರೈವ್‌ನ ವಿಡಿಯೋ ಚೆನ್ನಾಗಿ ಕಂಡರೆ ಆಗ ಎಚ್‌ಡಿಎಂಐ ಚಿಪ್ ಅಥವಾ ಬೋರ್ಡ್ ಹೋಗಿದೆ ಎನ್ನಬಹುದು. ಮೆಕ್ಯಾನಿಕ್ ಈ ಪರೀಕ್ಷೆ ನಿಮ್ಮೆದುರು ಮಾಡಿ ತೋರಿಸಲಿ, ಆಮೇಲೆ ರೇಟ್ ಮಾತಾಡಿ.